ಕೊಲಂಬಸ್ ಉಳಿಸಿದವಳು

ನಮ್ಮ ಅಕ್ಕನನ್ನು ಗಜೇಂದ್ರಗಡಕ್ಕೆ ಕೊಟ್ಟರು, ನನ್ನನ್ನು ಹುಟ್ಟಿದೂರು ನರಗುಂದದಲ್ಲೇ ಕೊಟ್ಟರು. ಅಕ್ಕನ ಮನೆಯವರದು ಸೀರೆ ಅಂಗಡಿ, ನಮ್ಮವರದು ಕಾಳಿನ ವ್ಯಾಪಾರ. ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಆಗೊಮ್ಮೆ ಈಗೊಮ್ಮೆ ಪತ್ರಿಕೆಗೆ ಬರೆಯುತ್ತೇನೆ. ಊರಿನಲ್ಲಿ ನನಗೆ ಬರೆಯುವವಳು ಎಂಬ ಹೆಸರಿದೆ. ಆ ಹೆಸರು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯಲ್ಲಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ದೊಡ್ಡದಾಗಿ ಕಾಣತೊಡಗುವ ಕಡೆ, ಒಬ್ಬ ರೈತರು ತಮ್ಮ ಎರೆಹೊಲದ ಒಂದು ತುಂಡಿನಲ್ಲಿ ಸಣ್ಣ ಪಾರ್ಕು ಮಾಡಿದ್ದಾರೆ. ನೀರಿನ ಕೊಳ, ಮಕ್ಕಳ ರೈಲು, ಕುದುರೆಗಳು ಸುತ್ತುವ ಚಕ್ರ, ಎಲ್ಲಕ್ಕಿಂತ ದೊಡ್ಡದಾಗಿ ಒಂದು ದೋಣಿ. ಎರಡು ಕಂಬಗಳ ನಡುವೆ ಹಿಂದಕ್ಕೂ ಮುಂದಕ್ಕೂ ಜೀಕುವ ಆ ದೋಣಿಗೆ ಎಲ್ಲ ಕಡೆ ಇರುವ ಹೆಸರೇ ಇಲ್ಲಿಯೂ: ಕೊಲಂಬಸ್.

ಮಕ್ಕಳು ಸಣ್ಣವರಿದ್ದಾಗ ಬೇಸಿಗೆಯ ಸೂಟಿಯಲ್ಲಿ ನಾನು ಅವರನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದೆ. ಒಂದು ದಿನ ಪಾರ್ಕಿಗೆ ಹೋಗುವುದು ಗೊತ್ತಿದ್ದದ್ದೇ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೊರಡುತ್ತಿದ್ದೆವು. ಒಳಗೆ ಕಾಲಿಟ್ಟ ಕೂಡಲೇ ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು ಮಕ್ಕಳಿಗಿಂತ ಮುಂದೆ ಕೊಲಂಬಸ್ ಕಡೆ ನಡೆಯುತ್ತಿದ್ದಳು. ಅವಳು ದಪ್ಪ ಹೆಂಗಸು, ನಡೆದರೆ ಏದುಸಿರು. ಆದರೆ ಆ ದೋಣಿಯ ಮೆಟ್ಟಿಲು ಹತ್ತುವಾಗ ಅವಳಿಗೆ ಯಾರ ಕೈಯೂ ಬೇಕಾಗಿರಲಿಲ್ಲ. ಯಾವಾಗಲೂ ಹಿಂದಿನ ಸಾಲು. ಹೆಚ್ಚು ಮೇಲೆ ಹೋಗುವುದು ಅದೇ.

ನಾನು ಕೆಳಗೆ ಬೇವಿನ ಗಿಡದ ನೆರಳಿನಲ್ಲಿ ಬ್ಯಾಗು, ಚಪ್ಪಲಿ, ಬುತ್ತಿ ಕಾಯುತ್ತ ಕೂರುತ್ತಿದ್ದೆ. ತಲೆ ಸುತ್ತುತ್ತದೆ ಎಂದು ಹೇಳುತ್ತಿದ್ದೆ. ತಲೆ ಸುತ್ತುತ್ತಿರಲಿಲ್ಲ, ಅಂಜಿಕೆ. ಸಣ್ಣವಳಿದ್ದಾಗ ನರಗುಂದದ ಗುಡ್ಡ ಹತ್ತಿ ಅರ್ಧಕ್ಕೇ ಅತ್ತು ಇಳಿದವಳು ನಾನು. ಅಂಜಿಕೆಗಿಂತ ಹೆಚ್ಚಾಗಿ ಇನ್ನೊಂದು ಇತ್ತು. ನನ್ನ ವಿದ್ಯಾರ್ಥಿಗಳು ಯಾರಾದರೂ ಅಲ್ಲಿದ್ದು, ಬಾಯಿ ತೆರೆದು ಚೀರುವ ನನ್ನನ್ನು ನೋಡಿಬಿಟ್ಟರೆ ಎಂಬ ಸಂಕೋಚ.

ಅಕ್ಕ ಇಳಿದು ಬಂದು ನನ್ನ ಪಕ್ಕ ಕುಳಿತು ಚೊಂಬು ಎತ್ತಿ ನೀರು ಕುಡಿದು, ಅಲ್ಲಿ ಏನಾಯಿತು ಎಂದು ನನಗೆ ಹೇಳುತ್ತಿದ್ದಳು. ಕೇಳದಿದ್ದರೂ ಹೇಳುತ್ತಿದ್ದಳು.

"ಮ್ಯಾಲ ಹೋಗಿ ನಿಂತತಿ ನೋಡ, ಆಗ ಒಂದ್ ಗಳಿಗಿ ನಮ್ಮನ್ನ ಯಾರೂ ಹಿಡಕೊಂಡಿರೂದಿಲ್ಲ. ಭೂಮಿ ಬಿಟ್ಟಿರತೈತಿ, ಮುಗಿಲಿನೂ ಕೈಗೆ ತಗೊಂಡಿರೂದಿಲ್ಲ."

ಇನ್ನೊಂದು ಸಲ ಹೇಳಿದ್ದಳು: "ಇಳಿಯೂ ಮುಂದ ಕರುಳೆಲ್ಲ ಮ್ಯಾಲ ಉಳದು ನಾ ಒಬ್ಬಾಕಿನ ಕೆಳಗ ಬಂದಂಗ ಆತು. ಆಮ್ಯಾಲ ಅವು ಓಡಿ ಬಂದು ನನ್ನ ಕೂಡಿದ್ವು."

ಮತ್ತೊಂದು ವರ್ಷ, ಅಕ್ಕನ ಮಾವನವರು ತೀರಿಹೋದ ಮೇಲೆ, ಹೇಳಿದ್ದಳು: "ಮನ್ಯಾಗ ಚೀರಾಕ ಬರೂದಿಲ್ಲ. ಇಲ್ಲಿ ಚೀರಿದ್ರ ಯಾರೂ ಏನಾತಂತ ಕೇಳೂದಿಲ್ಲ. ಅದಕ್ಕ ಬರ್ತೀನಿ ನಾ."

ಅವಳ ಮಾತುಗಳು ನನಗೆ ಹಿಡಿಸುತ್ತಿದ್ದವು. ಕೇಳುತ್ತ ಕೇಳುತ್ತ ನಾನೂ ಅಲ್ಲಿ ಹೋಗಿ ಬಂದಂತೆ ಆಗುತ್ತಿತ್ತು.

ಮಕ್ಕಳು ದೊಡ್ಡವರಾದರು, ಪಾರ್ಕಿನ ಪ್ರವಾಸ ನಿಂತಿತು. ಅಕ್ಕ ಮಾತ್ರ ಅಂಗಡಿಯ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದಳು. ನಾನು ಬಸ್ಸಿನ ಕಿಟಕಿಯಿಂದ ಆ ದೋಣಿಯ ತುದಿ ನೋಡುತ್ತಿದ್ದೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಂದು ದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಒಂದು ಸುದ್ದಿ ಕಳಿಸಿದ. ಪಾರ್ಕಿನವರು ಕೊಲಂಬಸ್ ತೆಗೆದು ಅಲ್ಲಿ ಹೊಸ ಯಂತ್ರ ಹಾಕುವವರಿದ್ದಾರಂತೆ, ಜನರನ್ನು ತಲೆಕೆಳಗೆ ಮಾಡಿ ತಿರುಗಿಸುವಂಥದು. ಮಕ್ಕಳು ಸಣ್ಣವರಿದ್ದ ಆ ಮಧ್ಯಾಹ್ನಗಳು, ಬೇವಿನ ನೆರಳು, ಬುತ್ತಿಯ ವಾಸನೆ, ಎಲ್ಲವನ್ನೂ ಯಾರೋ ಕಿತ್ತು ಗುಜರಿಗೆ ಹಾಕುತ್ತಾರೆ ಎನಿಸಿತು. ಅಂದೇ ಕುಳಿತು ಬರೆದೆ. ಎಲ್ಲವನ್ನೂ ಹೊಸದು ಮಾಡುವ ಚಟದ ಬಗ್ಗೆ ಬರೆದೆ. ಹಳೆಯ ಗುಡಿ, ಹಳೆಯ ಕೋಟೆ ಉಳಿಸುವ ನಾವು, ನಮ್ಮ ಮಕ್ಕಳು ನಕ್ಕ ಜಾಗ ಯಾಕೆ ಉಳಿಸುವುದಿಲ್ಲ ಎಂದು ಕೇಳಿದೆ. ಲೇಖನದ ನಡುವೆ ಆ ದೋಣಿಯಲ್ಲಿ ಕುಳಿತ ಅನುಭವ ಬೇಕಾಯಿತು. 'ನಾನು' ಎಂದು ಶುರು ಮಾಡಿದೆ. ಭೂಮಿ ಬಿಟ್ಟು, ಮುಗಿಲು ಇನ್ನೂ ಕೈಗೆ ತೆಗೆದುಕೊಳ್ಳದ ಗಳಿಗೆ. ಹಿಂದೆ ಉಳಿದ ಕರುಳು ಓಡಿ ಬಂದು ಕೂಡಿದ್ದು. ಮನೆಯಲ್ಲಿ ಚೀರಲಾರದ ಹೆಣ್ಣುಮಗಳು ಅಲ್ಲಿ ಚೀರಿದ್ದು. ಬರೆಯುವಾಗ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ಎಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ ಎಂಬುದೇ ಈಗ ನೆನೆದರೆ ಹೆದರಿಕೆ ಹುಟ್ಟಿಸುತ್ತದೆ.

ಲೇಖನ ಭಾನುವಾರದ ಪುರವಣಿಯಲ್ಲಿ ನನ್ನ ಫೋಟೊ ಜೊತೆ ಬಂತು. ಫೋನು ಮೇಲೆ ಫೋನು. ರೋಣದ ವಕೀಲರೊಬ್ಬರು, ನನಗೆ ಪರಿಚಯ ಇಲ್ಲದವರು, ಗದ್ಗದಿತರಾಗಿ ಮಾತಾಡಿದರು. "ನಮ್ಮ ಬಾಲ್ಯನ ಬರದೀರಿ ಮೇಡಂ. ಅದು ಹೋಗಬಾರದ್ರಿ." ಗ್ರೂಪಿನಿಂದ ಗ್ರೂಪಿಗೆ ಅದು ಹರಿದಾಡಿತು. 'ಕೊಲಂಬಸ್ ಉಳಿಸಿ' ಎಂದು ಯಾರೋ ಚಿತ್ರ ಮಾಡಿ ಹಾಕಿದರು. ನಾನು ಎಲ್ಲರಿಗೂ ಕೈಮುಗಿಯುವ ಗುರುತು ಕಳಿಸುತ್ತ ಕುಳಿತೆ. ಅಕ್ಕನಿಗೆ ಮಾತ್ರ ಕಳಿಸಲಿಲ್ಲ. ಆಕೆ ಪತ್ರಿಕೆ ಓದುವವಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ವಾರದ ಮೇಲೆ ಪಾರ್ಕಿನ ಮಾಲೀಕರು ಫೋನು ಮಾಡಿದರು. ಈಗ ನಡೆಸುವವರು ಮೊದಲಿನವರ ಮಗ.

"ನಮಸ್ಕಾರ್ರಿ ಮೇಡಂ. ನಿಮ್ಮ ಲೇಖನ ನಮ್ಮ ತಂದಿಯವ್ರಿಗೆ ಓದಿ ಹೇಳಿದ್ವಿ. ಅವ್ರು ಅತ್ತಬಿಟ್ರು. ಕೊಲಂಬಸ್ ತಗಿಯೂದು ಬ್ಯಾಡಂತ ಮಾಡೀವ್ರಿ. ಇಂಜಿನೀರ್ ಕರಸಿ ಎಲ್ಲಾ ತಪಾಸ ಮಾಡ್ಸೀವಿ, ಗಟ್ಟಿ ಐತಂತ. ಬಣ್ಣ ಹಚ್ಚಾಕ ಹತ್ಯಾರ. ಸಣ್ಣ ಕಾರ್ಯಕ್ರಮ ಇಟ್ಕೊಂಡೀವಿ. ನೀವ ಬಂದು ಮದಲ ಕುಂದರಬೇಕ್ರಿ."

ಬರುತ್ತೇನೆ ಎಂದುಬಿಟ್ಟೆ. ಮಾತು ಬಾಯಿಂದ ಹೊರಬಿದ್ದ ಮೇಲೆ 'ಮೊದಲು ಕೂರಬೇಕು' ಎಂಬುದು ತಿಳಿಯಿತು. ಆಮೇಲೆ ಆರೋಗ್ಯ ಸರಿಯಿಲ್ಲ, ಮದುವೆ ಇದೆ ಎಂದು ಏನೇನೋ ಹೇಳಿ ನೋಡಿದೆ. ಅವರು ನನ್ನ ಅನುಕೂಲಕ್ಕಾಗಿ ದಿನವನ್ನೇ ಮುಂದಕ್ಕೆ ಹಾಕಿದರು. ಅಂಥ ಒಳ್ಳೆಯ ಮನುಷ್ಯರು.

ಆ ದಿನ ಬಸ್ಸಿನಲ್ಲಿ ರೋಣದ ಮೇಲಿಂದ ಗಜೇಂದ್ರಗಡಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಚಹಾ ಕುಡಿದು, ಅವಳನ್ನೂ ಕರೆದುಕೊಂಡು ಪಾರ್ಕಿಗೆ ಹೋದೆ. ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ. ಯಾಕೆ ಎಂದು ಅಕ್ಕ ಕೇಳಿದ್ದಕ್ಕೆ, ಪಾರ್ಕಿನ ಬಗ್ಗೆ ಏನೋ ಬರೆದಿದ್ದೆ, ಸನ್ಮಾನ ಮಾಡುತ್ತಾರಂತೆ ಎಂದೆ. ಅವಳು ಖುಷಿಯಿಂದ ಅಂಗಡಿಯಿಂದಲೇ ಹೊಸ ಇಳಕಲ್ ಸೀರೆ ತೆಗೆದು ನನಗೆ ಉಡಿಸಿದಳು. ನೆರಿಗೆ ಹಿಡಿದು, ಸೆರಗು ಸರಿಮಾಡಿ, "ಈಗ ಲೇಖಕಿ ಕಂಡಂಗ ಕಾಣ್ತಿ ನೋಡ" ಎಂದಳು.

ಪಾರ್ಕಿನಲ್ಲಿ ಶಾಮಿಯಾನ ಹಾಕಿದ್ದರು. ಕುರ್ಚಿಗಳಲ್ಲಿ ಐವತ್ತರವತ್ತು ಜನ. ನನ್ನ ಹಳೆಯ ವಿದ್ಯಾರ್ಥಿಗಳು ಇದ್ದರು, ರೋಣದ ವಕೀಲರೂ ಬಂದಿದ್ದರು. ದೋಣಿಗೆ ಕೆಂಪು, ಹಳದಿ ಬಣ್ಣ ಬಳಿದು ಮೂತಿಗೆ ಹೂವಿನ ಮಾಲೆ ಹಾಕಿದ್ದರು. ಕಾಯಿ ಒಡೆದಾಯಿತು. ನನಗೆ ಶಾಲು ಹೊದೆಸಿದರು. ಆಮೇಲೆ ಮಾಲೀಕರ ಹೆಂಡತಿ ಮೈಕಿನ ಮುಂದೆ ನಿಂತು, "ಮೇಡಂ ಅವರ ಲೇಖನ ಓದ್ತೀನಿ" ಎಂದು ಪತ್ರಿಕೆ ಬಿಡಿಸಿದರು.

ಇದು ನಾನು ಎಣಿಸದೆ ಇದ್ದದ್ದು.

ಅಕ್ಕ ಮೊದಲ ಸಾಲಿನಲ್ಲಿ, ನನಗೆ ಎದುರಾಗಿಯೇ ಕುಳಿತಿದ್ದಳು. ಮಾಲೀಕರ ಹೆಂಡತಿ ಚೆನ್ನಾಗಿ ಓದುವ ಹೆಂಗಸು, ನಿಧಾನವಾಗಿ, ಸ್ಪಷ್ಟವಾಗಿ ಓದಿದರು. 'ಭೂಮಿ ನನ್ನನ್ನು ಬಿಟ್ಟಿತ್ತು, ಮುಗಿಲು ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ' ಎಂದು ಬಂದಾಗ ಅಕ್ಕನ ಮುಖ ಅರಳಿತು. ಗುರುತಿನವರು ಸಂತೆಯಲ್ಲಿ ಎದುರಾದರೆ ಅರಳುತ್ತದಲ್ಲ, ಹಾಗೆ. ಪಕ್ಕದಲ್ಲಿ ಕುಳಿತವಳಿಗೆ ಏನೋ ಹೇಳಲು ತಿರುಗಿದಳು. ಹೇಳಲಿಲ್ಲ. ಮತ್ತೆ ಮೈಕಿನ ಕಡೆ ನೋಡಿದಳು. ಕರುಳಿನ ಮಾತು ಬಂತು, ಜನ ನಕ್ಕು ಚಪ್ಪಾಳೆ ತಟ್ಟಿದರು. ಅಕ್ಕನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಮನೆಯಲ್ಲಿ ಚೀರಲಾರದ ಹೆಣ್ಣುಮಗಳ ಮಾತು ಬಂದಾಗ ಅಕ್ಕ ತಲೆ ತಗ್ಗಿಸಿ ತನ್ನ ಕಾಲುಂಗುರ ನೋಡುತ್ತ ಕುಳಿತಳು. ಅವಳು ನನ್ನ ಕಡೆ ನೋಡಲಿ ಎಂದೂ ನೋಡದಿರಲಿ ಎಂದೂ ಒಂದೇ ಸಲ ಅನಿಸಿತು. ಅವಳು ನೋಡಲಿಲ್ಲ.

ಓದು ಮುಗಿಯಿತು. ಮಾಲೀಕರು ಕೈಮುಗಿದು, "ಬರ್ರಿ ಮೇಡಂ. ನೀವು ಬರದಂಗ ಹಿಂದಿನ ಸಾಲನ ಇಟ್ಟೀವಿ ನಿಮಗ" ಎಂದರು.

ನಾನು ಶಾಲು ಸರಿಮಾಡಿಕೊಳ್ಳುತ್ತ ಕುಳಿತೇ ಇದ್ದೆ. ಆಗ ಅಕ್ಕ ಎದ್ದು ಬಂದು ನನ್ನ ರಟ್ಟೆ ಹಿಡಿದಳು. "ನಾನೂ ಕೂಡ್ತೀನ್ರಿ ಆಕಿ ಜೋಡಿ" ಎಂದು ಮಾಲೀಕರಿಗೆ ಹೇಳಿ, ನನಗೆ ಮೆಲ್ಲಗೆ, "ಕೆಳಗ ನೋಡಬ್ಯಾಡ. ಮುಂದಿನ ಕಂಬಿ ಹಿಡಿ" ಎಂದಳು.

ಕಬ್ಬಿಣದ ಅಡ್ಡಕಂಬಿ ಹಾಕಿದರು. ದೋಣಿ ಮೊದಲು ತೊಟ್ಟಿಲಿನಂತೆ ಮೆಲ್ಲಗೆ ಜೀಕಿತು. ಇಷ್ಟೇನೆ ಎಂದುಕೊಂಡೆ. ಆಮೇಲೆ ಅದು ಏರಿತು. ನಾನು ಬರೆದ ಯಾವುದೂ ಅಲ್ಲಿ ಇರಲಿಲ್ಲ. ಭೂಮಿ ಬಿಡಲೂ ಇಲ್ಲ, ಮುಗಿಲು ಕಾಣಲೂ ಇಲ್ಲ. ಬಾಯಲ್ಲಿ ಹುಳಿನೀರು, ಕಣ್ಣಲ್ಲಿ ಕತ್ತಲೆ, ಸಾಯುತ್ತೇನೆ ಎಂಬ ಒಂದೇ ಎಣಿಕೆ. "ನಿಲ್ಲಸ್ರಿ, ನಿಲ್ಲಸ್ರಿ" ಎಂದು ಚೀರಿದೆ. ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಚೀರುವುದೇ ಸುಖ ಎಂದು ನಾನೇ ಬರೆದಿದ್ದೆನಲ್ಲ. ಕಂಬಿ ಬಿಟ್ಟು ಅಕ್ಕನ ಕೊರಳು ತಬ್ಬಿದೆ. ಅವಳು ಒಂದು ಕೈ ಎತ್ತಿ, ಯಂತ್ರ ನಡೆಸುವವನಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿದ ಮೇಲೆ ದೋಣಿ ನಿಧಾನವಾಯಿತು.

ಮೆಟ್ಟಿಲು ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಟಾಂಜನದ ಕಂಬಿ ಹಿಡಿದು ವಾಂತಿ ಮಾಡಿಕೊಂಡೆ. ಶಾಲಿನ ಮೇಲೆ, ಅಕ್ಕ ಉಡಿಸಿದ ಹೊಸ ಸೀರೆಯ ಮೇಲೆ. ಒಬ್ಬಿಬ್ಬರು ಮೊಬೈಲು ಎತ್ತಿದವರು ಮತ್ತೆ ಇಳಿಸಿದರು, ಅದೂ ನನ್ನ ಮೇಲಿನ ಗೌರವದಿಂದ. ಮಾಲೀಕರು ಗಾಬರಿಯಾಗಿ ನೀರು ತಂದರು.

ಅಕ್ಕ ನನ್ನ ಬೆನ್ನು ಸವರುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು: "ಮುಂಜಾನಿಂದ ಏನೂ ತಿಂದಿಲ್ರಿ ಆಕಿ. ಪಿತ್ತ ಆಗೇತಿ. ಮದಲ ಹಿಂಗ ಆಗತಿರಲಿಲ್ಲ. ನನಗಿಂತ ಹೆಚ್ಚ್ ಆಕಿನ ಕುಂದರತಿದ್ಲು."

ಜನ ತಲೆಯಾಡಿಸಿದರು. ವಯಸ್ಸಾಯಿತಲ್ಲ ಎಂದು ಯಾರೋ ಮರುಗಿದರು. ಅವಳು ಅಲ್ಲಿ ನನ್ನನ್ನು ಬಯಲು ಮಾಡಿದ್ದರೆ ಒಂದು ಸಲದ ಅವಮಾನಕ್ಕೆ ಮುಗಿಯುತ್ತಿತ್ತು. ನನಗಾಗಿ ಸುಳ್ಳು ಹೇಳಿ, ತನ್ನ ಮಾತಿನ ಜೊತೆ ತನ್ನ ಜಾಗವನ್ನೂ ನನಗೆ ಬಿಟ್ಟುಕೊಟ್ಟಳು.

ಅಕ್ಕನ ಮನೆಗೆ ಬಂದು ಸ್ನಾನ ಮಾಡಿ ಅವಳ ಹಳೆಯ ಸೀರೆ ಉಟ್ಟು ಅಡುಗೆಮನೆಯಲ್ಲಿ ಕುಳಿತೆ. ಅವಳು ಲಿಂಬೆಹಣ್ಣು ಹಿಂಡುತ್ತಿದ್ದಳು.

"ಅಕ್ಕಾ, ಅವೆಲ್ಲ ನಿನ್ನ ಮಾತು. ಕೇಳದ ಬರದೆ" ಎಂದೆ.

"ಮಾತಿಗೇನ. ರಗಡ ಅದಾವ ನನ್ನ ಹತ್ರ" ಎಂದು ಅವಳು ಸಕ್ಕರೆ ಕಲಕಿದಳು. ಲೋಟಕ್ಕೆ ಬಗ್ಗಿಸುತ್ತ, "ಮಾವನೋರು ತೀರಕೊಂಡ ವರ್ಷ ಹೇಳಿದ್ದು ಬಿಟ್ಟಿದ್ರ ಚಲೋ ಇತ್ತು. ಅದನ್ನ ನಾ ನಿನಗ ಒಬ್ಬಾಕಿಗೆ ಹೇಳಿದ್ದೆ" ಎಂದಳು.

ಅವಳು ಚಾಚಿದ ಲೋಟವನ್ನು ಕೈಗೆ ತೆಗೆದುಕೊಂಡೆ.

"ಅದೂ ಹೋಗ್ಲಿ ಬಿಡು" ಎಂದಳು. "ದೋಣಿ ಯಾಕ್ ಉಳಸಾಕ ಹ್ವಾದಿ ನೀ?"

ನನಗೆ ಅರ್ಥವಾಗಲಿಲ್ಲ. ಅವಳಿಗೆ ಪ್ರೀತಿಯ ದೋಣಿ ಅಲ್ಲವೇ ಎಂದೆ.

"ಪ್ರೀತಿ ಖರೇ. ಆದ್ರ ಅದು ಎಲ್ಲಿ ಏರತೈತಿ, ಎಲ್ಲಿ ಇಳೀತೈತಿ ಅಂತ ಕಣ್ಣ ಮುಚ್ಚಿ ಹೇಳ್ತೀನಿ ಈಗ. ಅಂಜಿಕಿ ಹೋಗಿ ಭಾಳ ದಿನ ಆತು. ಅಂಜಿಕಿ ಇಲ್ಲಂದ್ರ ಅದು ಬರೇ ತೊಟ್ಟಲ ನೋಡ. ಹೊಸಾದ ತರ್ಸು ಅಂತ ಆ ಪಾರ್ಕಿನ ಹುಡುಗಗ ನಾನ ಹೇಳಿದ್ದೆ. ಅವ ಹೆಂಡತಿ ಕರಕೊಂಡು ಸೀರಿ ತಗೊಳ್ಳಾಕ ಅಂಗಡಿಗೆ ಬಂದಾಗೆಲ್ಲ ಹೇಳ್ತಿದ್ದೆ. ತಲಿಕೆಳಗ ಮಾಡೂದು ಐತಲ್ಲ, ಅದರ ವಿಡಿಯೋ ತೋರ್ಸಿದ್ದ. ಮೊಣಕಾಲು ನಡಿಯೂತನಾ ಒಮ್ಮೆ ಕುಂತು ನೋಡಬೇಕು ಅಂತ ಇತ್ತು."

ತಂದೆಯ ಮಾತಿಗೆ ಅವನು ಮನಸ್ಸು ಬದಲಿಸಿದ ಎಂದು ಅವಳು ತಿಳಿದಿದ್ದಳಂತೆ. ಅದಕ್ಕೆ ಕಾರಣ ತಂಗಿಯ ಲೇಖನ ಎಂದು ಅವಳಿಗೆ ತಿಳಿದದ್ದು ಆ ಕುರ್ಚಿಯಲ್ಲಿ ಕುಳಿತಾಗಲೇ.

ಊರಿಗೆ ಮರಳಿದ ಮೇಲೆ ರೋಣದ ವಕೀಲರು ನನ್ನ ಆರೋಗ್ಯ ವಿಚಾರಿಸಲು ಫೋನು ಮಾಡಿದರು. ನೀವು ಕೊನೆಯ ಸಲ ಕೊಲಂಬಸ್ ಹತ್ತಿದ್ದು ಯಾವಾಗ ಎಂದು ಕೇಳಿದೆ. "ನಾ ಕುಂದರೂದಿಲ್ರಿ ಮೇಡಂ, ಬಿ.ಪಿ. ಐತಿ. ಮದಲನೂ ಕುಂತವಲ್ಲ. ಆದ್ರ ಅದು ಇರಬೇಕ್ರಿ ಅಲ್ಲಿ." ನನ್ನನ್ನು ಹೊಗಳಿ ಬರೆದ ಇನ್ನೂ ಕೆಲವರನ್ನು ಕೇಳಿದೆ. ಹೆಚ್ಚುಕಡಿಮೆ ಎಲ್ಲರದೂ ಅದೇ ಉತ್ತರ. ಹಳೆಯದು ಉಳಿಯಲಿ ಎನ್ನುವವರು ನನ್ನಂತೆ ನೆರಳಿನಲ್ಲಿ ಕುಳಿತವರು. ನಿಜವಾಗಿ ಹತ್ತಿ ಇಳಿದವರು ಯಾವಾಗಲೋ ಅದನ್ನು ದಾಟಿ ಮುಂದೆ ಹೋಗಿದ್ದರು. ನಾವು ಉಳಿಸಲು ಹೊರಟದ್ದು ನಮ್ಮ ವಯಸ್ಸನ್ನು. ದೋಣಿ ಬರೀ ನೆವ. ಎಲ್ಲ ಕಡೆಯೂ ಹೀಗೆಯೇ ಎಂದು ಹೇಳಲಾರೆ. ಕುದುರೆ ಚಕ್ರ ತೆಗೆದರೆ ಸಣ್ಣ ಮಕ್ಕಳಿಗೆ ಅಲ್ಲಿ ಬೇರೆ ಏನೂ ಇಲ್ಲ, ಅದು ಇರಲೇಬೇಕು. ಆದರೆ ಯಾವುದು ಇರಬೇಕು ಎಂದು ಹೇಳುವ ಮೊದಲು ಅದರ ಮೇಲೆ ಕೂರುವವರನ್ನು ಕೇಳಬೇಕಿತ್ತು. ನನ್ನ ಬಳಿ ಕೇಳಲು ಅಕ್ಕ ಇದ್ದಳು.

ಕೆಲವು ದಿನ ಬಿಟ್ಟು ಪಾರ್ಕಿಗೆ ಹೋದೆ. ಟಿಕೆಟ್ ಕೊಡುವ ಕೋಣೆಯ ಗೋಡೆಗೆ ನನ್ನ ಲೇಖನವನ್ನು ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು. ಮಾಲೀಕರನ್ನು ಕೂರಿಸಿಕೊಂಡು ಹೇಳಿದೆ, ಇದನ್ನು ತೆಗೆಯಿರಿ, ಹೊಸ ಯಂತ್ರ ತರಿಸಿರಿ ಎಂದು.

ಅವರ ಮುಖದಲ್ಲಿ ಭಕ್ತಿಯೇ ಮೂಡಿತು. "ದೊಡ್ಡ ಮನಸ್ಸು ನಿಮ್ದು ಮೇಡಂ. ಈಗಿನ ಹುಡುಗೂರ ಬಗ್ಗೆನೂ ವಿಚಾರ ಮಾಡ್ತೀರಿ. ಆದ್ರ ಆ ಮಷೀನು ಬಾಗಲಕೋಟಿ ಕಡಿಯವ್ರು ತಗೊಂಡಾರ್ರಿ. ಸದ್ಯ ನಮಗ ಆಗೂದಿಲ್ಲ."

"ನಾನು ಕೊಲಂಬಸ್ಸಿನ್ಯಾಗ ಎಂದೂ ಕುಂತಿಲ್ರಿ" ಎಂದೆ.

ಅವರು ನಕ್ಕುಬಿಟ್ಟರು. "ಅವತ್ತ ಎಲ್ಲಾರ ಮುಂದ ಕುಂತಿದ್ರೆಲ್ಲಾ ಮೇಡಂ. ತ್ರಾಸ ಆತು, ಅದನ್ನ ಮನಸಿಗೆ ಹಚ್ಕೋಬ್ಯಾಡ್ರಿ."

ಇನ್ನೊಮ್ಮೆ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಚಹಾ ತಂದರು, ಕುಡಿದು ಬಂದೆ. ಕಟ್ಟು ಅಲ್ಲಿಯೇ ಇದೆ.

ಕಳೆದ ವರ್ಷ ಅಕ್ಕ ಓಣಿಯ ಹೆಣ್ಣುಮಕ್ಕಳ ಜೊತೆ ಬಾಗಲಕೋಟೆ ಕಡೆಯ ಆ ಪಾರ್ಕಿಗೆ ಹೋಗಿ ಬಂದಳು. ಹೊಸ ಯಂತ್ರದಲ್ಲಿ ಕುಳಿತಳಂತೆ, ಎರಡು ಸಲ. ಈ ಸುದ್ದಿ ನನಗೆ ಹೇಳಿದ್ದು ಅವಳ ಸೊಸೆ. ಅಂದೇ ಅಕ್ಕನಿಗೆ ಫೋನು ಮಾಡಿದೆ.

"ಹೌದು, ಹೋಗಿದ್ವಿ" ಎಂದಳು.

"ಹ್ಯಾಂಗಿತ್ತ ಅಕ್ಕಾ?"

ಅಂಗಡಿಯಲ್ಲಿ ಯಾರೋ ಸೀರೆ ಬಿಡಿಸಿ ಹಾಸುವ ಸಪ್ಪಳ ಕೇಳಿಸಿತು.

"ಚಲೋ ಇತ್ತು" ಎಂದಳು ಅಕ್ಕ. ಆಮೇಲೆ, ಈ ಸಲ ನರಗುಂದದ ಕಡೆ ಕಡಲೆ ಹೇಗೆ ಬಂದಿದೆ ಎಂದು ಕೇಳಿದಳು. ಚಲೋ ಬಂದಿದೆ, ಕಾಲುವೆ ನೀರು ಸಮಯಕ್ಕೆ ಬಿಟ್ಟಿದ್ದರು ಎಂದು ಹೇಳಿದೆ.